ಮೂರು ಇಪ್ಪತ್ತರ ನಕ್ಷತ್ರ

ಅಪ್ಪ ತೀರಿಕೊಂಡದ್ದು ಮಧ್ಯಾಹ್ನ ಮೂರು ಇಪ್ಪತ್ತಕ್ಕೆ ಎಂದು ಎಲ್ಲರಿಗೂ ಹೇಳಿದವಳು ನಾನು. ಅದು ಸುಳ್ಳು. ಅವರು ಯಾವಾಗ ಹೋದರೋ ನನಗೆ ಗೊತ್ತಿಲ್ಲ. ಪಕ್ಕದ ಕುರ್ಚಿಯಲ್ಲಿ ಅವರ ಕೈ ಹಿಡಿದುಕೊಂಡೇ ನಿದ್ದೆ ಹೋಗಿದ್ದೆ.

ಇದನ್ನು ಹೇಳುವಾಗ ಅಳು ಬರಬೇಕು. ಬರುವುದಿಲ್ಲ. ಅವತ್ತೂ ಬರಲಿಲ್ಲ, ಆಮೇಲಿನ ಹದಿಮೂರು ದಿನವೂ ಬರಲಿಲ್ಲ. ಮಾತಾಡಿಸಲು ಬಂದವರೆಲ್ಲ "ಅತ್ತುಬಿಡು ಮಾರಾಯ್ತಿ, ಒಳಗೆ ಇಟ್ಕಬೇಡ" ಎಂದರು. ಒಳಗೆ ಇಟ್ಟುಕೊಳ್ಳಲು ಏನಾದರೂ ಇರಬೇಕಲ್ಲ. ಹಲ್ಲು ಕೀಳುವ ಮೊದಲು ಸೂಜಿ ಕೊಟ್ಟ ದವಡೆಯ ಹಾಗಿತ್ತು ನನಗೆ. ಮುಟ್ಟಿದರೆ ಬೇರೆ ಯಾರದೋ ಮೈ ಮುಟ್ಟಿದಂತೆ.

ನಾನು ಅರ್ಪಣಾ. ಕೊಪ್ಪದ ರಕ್ತ ಪರೀಕ್ಷೆಯ ಲ್ಯಾಬೊಂದರಲ್ಲಿ ಹದಿನಾರು ವರ್ಷದಿಂದ ಕೆಲಸ. ನರಸಿಂಹರಾಜಪುರದಲ್ಲಿ ಅಪ್ಪ ಅಮ್ಮನ ಜೊತೆಗಿದ್ದು ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಒಮ್ಮೆ ಮದುವೆಯಾಗಿತ್ತು, ಎರಡು ವರ್ಷಕ್ಕೆ ಮುಗಿಯಿತು. ಅದು ಈ ಕತೆಗೆ ಬೇಡ.

ಅಪ್ಪ ಪರಮೇಶ್ವರ ಸರ್ವೆ ಇಲಾಖೆಯಲ್ಲಿದ್ದವರು. ಕೊಪ್ಪ, ಶೃಂಗೇರಿ, ಎನ್.ಆರ್.ಪುರ, ಮೂರು ತಾಲ್ಲೂಕಿನ ಗುಡ್ಡಗಳನ್ನೂ ಸರಪಳಿ ಹಿಡಿದು ಅಳೆದವರು. ಅಳತೆಗೆ ಸಿಗದ್ದು ಯಾವುದನ್ನೂ ನಂಬುತ್ತಿರಲಿಲ್ಲ. ನಮ್ಮ ಕಡೆ ಕೆಲವು ನಕ್ಷತ್ರದಲ್ಲಿ ಯಾರಾದರೂ ಸತ್ತರೆ ಮನೆ ಬಿಡುವ ಪದ್ಧತಿ ಇದೆ. ಧನಿಷ್ಠೆಯಿಂದ ರೇವತಿಯವರೆಗಿನ ಐದು ನಕ್ಷತ್ರವಂತೂ ಬಹಳ ಕೆಟ್ಟವು, ಅದಕ್ಕೆ ಪಂಚಕ ಎನ್ನುತ್ತಾರೆ. ಧನಿಷ್ಠೆಯಾದರೆ ಬಾಗಿಲಿಗೆ ಬೀಗ ಹಾಕಿ, ಅಡ್ಡಕ್ಕೆ ಬಿದಿರು ಮುಳ್ಳು ಕಟ್ಟಿ, ಆರು ತಿಂಗಳು ಒಳಗೆ ದೀಪ ಹಚ್ಚದೆ ಬಿಡಬೇಕು. ಬಿಡದಿದ್ದರೆ ಅದೇ ಮನೆಯವರದು ಇನ್ನೂ ನಾಲ್ಕು ಹೆಣ ಬೀಳುತ್ತದೆ ಎಂದು ಮಾತು. ಕೆಲಸದ ಮೇಲೆ ಹೋದಲ್ಲಿ ಇಂಥ ಮುಳ್ಳು ಕಟ್ಟಿದ ಮನೆ ಕಂಡರೆ ಅಪ್ಪ ಮನೆಗೆ ಬಂದು ನಗುತ್ತಿದ್ದರು.

"ಅಲ್ಲ, ನಕ್ಷತ್ರಕ್ಕೆ ಸರ್ವೆ ನಂಬರು ಕೊಟ್ಟೋರು ಯಾರು? ಯಾವ ಮನೆಗೆ ಹೋಗಬೇಕು ಅಂತ ಅದಕ್ಕೆ ಹೆಂಗೆ ಗೊತ್ತಾಗುತ್ತೆ?"

ಅಮ್ಮ ವೆಂಕಮ್ಮ ಆಗ ದೇವರ ಗೂಡಿನ ಕಡೆ ತಿರುಗಿ ಕೆನ್ನೆಗೆ ಎರಡು ಸಲ ತಟ್ಟಿಕೊಳ್ಳುತ್ತಿದ್ದಳು. ಅಪ್ಪನ ಪರವಾಗಿ ತಪ್ಪಾಯಿತು ಎನ್ನುವುದು ಅವಳ ನಿತ್ಯದ ಕೆಲಸ. ಐವತ್ತು ವರ್ಷದ ಸಂಸಾರವೂ ಹೀಗೇ ನಡೆಯಿತು. ಅವರು ಬಿಟ್ಟ ಸಂಧ್ಯಾವಂದನೆಗೆ ಇವಳ ಎರಡು ದೀಪ ಹೆಚ್ಚು.

ಕಳೆದ ದೀಪಾವಳಿಯ ಹೊತ್ತಿಗೆ ಅಪ್ಪನ ಪಿತ್ತಕೋಶದಲ್ಲಿ ಗಡ್ಡೆ ಕಂಡಿತು. ಮೊದಲ ರಕ್ತ ನಾನೇ ತೆಗೆದದ್ದು, ನಾನೇ ಮಿಷನ್ನಿಗೆ ಹಾಕಿದ್ದು. ಬಂದ ಅಂಕಿ ನೋಡಿ ತಪ್ಪಿರಬೇಕೆಂದು ಇನ್ನೊಮ್ಮೆ ಹಾಕಿದೆ. ಶಿವಮೊಗ್ಗದ ಡಾಕ್ಟರು ಜನವರಿಯಲ್ಲಿ "ಮನೆಗೆ ಕರ್ಕೊಂಡು ಹೋಗಿ, ನೋವಾಗದ ಹಾಗೆ ನೋಡ್ಕೊಳ್ಳಿ" ಎಂದರು.

ಅಲ್ಲಿಂದ ಅಪ್ಪ ಬದಲಾದರು. ಮೊದಲು ರಾತ್ರಿ ದೀಪ ಆರಿಸಬೇಡ ಎಂದರು. ಆಮೇಲೆ ಅಮ್ಮ ಪೂಜೆ ಮಾಡುವಾಗ ಕೋಣೆಯ ಬಾಗಿಲು ತೆರೆದಿಡು ಎಂದರು. ಒಂದು ದಿನ ಶೃಂಗೇರಿಯಿಂದ ನನ್ನ ತಮ್ಮ ಯಜ್ಞೇಶ ಬಂದವನು ಕಿಗ್ಗದ ದೇವಸ್ಥಾನದ ಪ್ರಸಾದ ತಂದಿದ್ದ. ಅಪ್ಪ ಅದನ್ನು ಹಣೆಗೆ ಹಚ್ಚಿಸಿಕೊಂಡು, ಉಳಿದ ಪೊಟ್ಟಣವನ್ನು ದಿಂಬಿನಡಿ ಇಡು ಎಂದರು. ಯಜ್ಞೇಶ ನನ್ನ ಮುಖ ನೋಡಿದ. ನಾನು ಗೋಡೆ ನೋಡಿದೆ.

ಒಂದು ಸಂಜೆ ನನ್ನೊಬ್ಬಳನ್ನೇ ಕರೆದು ಕೇಳಿದರು.

"ಕೂಸೆ, ನೀ ಲ್ಯಾಬಿನೋಳು. ನಿಜ ಹೇಳು. ಆಮೇಲೆ ಎಂತ ಆಗುತ್ತೆ?"

ರಕ್ತ ಹೆಪ್ಪುಗಟ್ಟುತ್ತದೆ, ದವಡೆ ಬಿಗಿಯುತ್ತದೆ, ಅಷ್ಟು ನನಗೆ ಗೊತ್ತು. ಅದನ್ನು ಕೇಳಿರಲಿಲ್ಲ ಅವರು.

"ದೇವರಿಲ್ಲ ಅಂತ ಐವತ್ತು ವರ್ಷ ಹೇಳ್ದೆ" ಎಂದರು. "ಈಗ ಇದ್ದಿದ್ರೆ ಒಳ್ಳೇದಿತ್ತು ಅನ್ಸುತ್ತೆ. ನಂಬಿಕೆ ಬಂತು ಅಂತಲ್ಲ. ಒಬ್ನೇ ಹೋಗದು ಅಂದ್ರೆ ಹೆದ್ರಿಕೆ ಆಗುತ್ತೆ, ಅಷ್ಟೇ."

ಅಪ್ಪ ಹೆದರಿಕೆ ಎಂಬ ಮಾತನ್ನು ಬಾಯಿಬಿಟ್ಟು ಹೇಳಿದ್ದನ್ನು ನಾನು ಅದೊಂದೇ ಸಲ ಕೇಳಿದ್ದು. ಕೈ ಹಿಡಿದುಕೊಂಡೆ. ಅವತ್ತಿನಿಂದ ದಿನಾ ಹಿಡಿದುಕೊಂಡು ಕೂರುವುದು ರೂಢಿಯಾಯಿತು. ಲ್ಯಾಬಿಗೆ ರಜೆ ಹಾಕಿದೆ.

ಕೊನೆಯ ನಾಲ್ಕು ದಿನ ಅಮ್ಮ ಅವರ ತಲೆಯ ಹತ್ತಿರ ಸ್ಟೂಲಿನ ಮೇಲೆ ಒಂದು ಸಣ್ಣ ತಾಮ್ರದ ಗಿಂಡಿ ಇಟ್ಟಳು. ನೀರು, ಅದರಲ್ಲೊಂದು ತುಳಸಿ ಕುಡಿ, ಪಕ್ಕದಲ್ಲಿ ನೀರು ಬಿಡುವ ಉದ್ಧರಣೆ ಚಮಚ. ಪ್ರಾಣ ಹೋಗುವಾಗ ತುಳಸಿ ನೀರು ಬಾಯಿಗೆ ಬಿದ್ದು, ನಾಲಿಗೆಯ ಮೇಲೆ ದೇವರ ಹೆಸರಿದ್ದರೆ ಎಷ್ಟೋ ಜನ್ಮದ್ದು ತೊಳೆದು ಹೋಗುತ್ತದೆ ಎಂಬುದು ಅವಳ ನಂಬಿಕೆ. ಅಪ್ಪನ ಲೆಕ್ಕದಲ್ಲಿ ತೊಳೆಯುವುದು ಬಹಳ ಇದೆ ಎಂಬುದೂ ಅವಳಿಗೆ ಗೊತ್ತು. ಬೆಳಿಗ್ಗೆ ಬೆಳಿಗ್ಗೆ ನೀರು ಚೆಲ್ಲಿ ಹೊಸತು ತುಂಬಿ, ಹೊಸ ಕುಡಿ ಹಾಕುತ್ತಿದ್ದಳು. ಅಪ್ಪ ನೀರು ಕೇಳಿದರೆ ಮಾತ್ರ ಅಡುಗೆಮನೆಯಿಂದ ಬೇರೆ ಲೋಟದಲ್ಲಿ ತರುತ್ತಿದ್ದಳು. ಗಿಂಡಿಯನ್ನು ಮುಟ್ಟುತ್ತಿರಲಿಲ್ಲ. ಅದೇಕೆಂದು ನಾನು ಕೇಳಲಿಲ್ಲ.

ಅವತ್ತು ಮಾರ್ಚಿನ ಬಿಸಿಲು. ಹನ್ನೆರಡೂವರೆಯ ಹೊತ್ತಿಗೆ ಅಮ್ಮ ಗಂಜಿ ಮಾಡಲು ಒಳಗೆ ಹೋದಳು. ಅಪ್ಪ ಕಣ್ಣು ಬಿಟ್ಟು ಮೇಲೆ ನೋಡಿ ಹೇಳಿದರು.

"ಫ್ಯಾನು ಒಂದು ಕಮ್ಮಿ ಮಾಡು."

ಮಾಡಿದೆ. ಬಂದು ಕೈ ಹಿಡಿದು ಕೂತೆ. ಹಿಂದಿನ ಮೂರು ರಾತ್ರಿ ನಿದ್ದೆ ಇರಲಿಲ್ಲ. ಫ್ಯಾನು ಕಟ ಕಟ ಎನ್ನುತ್ತಿತ್ತು. ಅಷ್ಟೇ ನೆನಪು.

ಎಚ್ಚರವಾದಾಗ ಫೋನಿನಲ್ಲಿ ಮೂರು ಗಂಟೆ ಹನ್ನೆರಡು ನಿಮಿಷ. ನನ್ನ ಕೈಯೊಳಗಿದ್ದ ಕೈ ತಣ್ಣಗಿತ್ತು. ದವಡೆ ಮುಟ್ಟಿ ನೋಡಿದೆ, ಬಿಗಿದಿತ್ತು. ದವಡೆ ಬಿಗಿಯಲು ಎರಡು ಗಂಟೆಯಾದರೂ ಬೇಕು. ಹಾಗಾದರೆ ಒಂದು ಗಂಟೆಯ ಸುಮಾರಿಗೇ ಆಗಿದೆ. ಫ್ಯಾನು ಕಮ್ಮಿ ಮಾಡಿ ಅರ್ಧ ಗಂಟೆಗೆ. ಇದನ್ನೆಲ್ಲ ನಿಂತಲ್ಲೇ ಲೆಕ್ಕ ಹಾಕಿದೆ, ಯಾರದೋ ರಿಪೋರ್ಟು ಬರೆಯುವ ಹಾಗೆ. ಆಮೇಲೆ ಗಿಂಡಿಯಿಂದ ಒಂದು ಉದ್ಧರಣೆ ನೀರು ತೆಗೆದು ಅವರ ತುಟಿಗೆ ಬಿಟ್ಟೆ. ಒಳಗೆ ಹೋಗಲಿಲ್ಲ, ಕೆನ್ನೆಯ ಮೇಲೆ ಇಳಿದು ದಿಂಬು ಒದ್ದೆಯಾಯಿತು. ಮತ್ತೊಂದು ಬಿಟ್ಟೆ. ಅದೂ ಹಾಗೇ.

ಅಡುಗೆಮನೆಗೆ ಹೋದೆ. ಸೀದ ವಾಸನೆ. ಗಂಜಿ ತಳ ಹಿಡಿದಿತ್ತು. ಅಮ್ಮ ತೊಟ್ಟಿಯ ಹತ್ತಿರ ಬೆನ್ನು ಹಾಕಿ ನಿಂತು ಒಂದು ಪಾತ್ರೆ ತಿಕ್ಕುತ್ತಿದ್ದಳು.

"ಅಮ್ಮ, ಅಪ್ಪ ಹೋದ್ರು" ಎಂದೆ.

ಅವಳು ತಿರುಗಲಿಲ್ಲ. ಪಾತ್ರೆ ತೊಳೆದು ಬೋರಲು ಹಾಕಿದಳು. ಆಮೇಲೆ ಕೇಳಿದಳು.

"ಬಾಯಿಗೆ ನೀರು ಬಿಟ್ಯನೆ? ತುಳಸಿ ನೀರು?"

ಕೇಳಿದ ದನಿ ಎಷ್ಟು ಸಣ್ಣದಿತ್ತೆಂದರೆ, ಬೇರೆ ಉತ್ತರ ಕೊಡಲು ನನ್ನಿಂದ ಆಗಲಿಲ್ಲ.

"ಬಿಟ್ಟೆ. ಕುಡಿದ್ರು. ನಾರಾಯಣ ಅಂದ್ರು. ಆಮೇಲೆ ಹೋದ್ರು. ಈಗಷ್ಟೇ, ಮೂರು ಇಪ್ಪತ್ತಕ್ಕೆ."

ಗೋಡೆಯ ಗಡಿಯಾರ ಆಗ ತೋರಿಸುತ್ತಿದ್ದದ್ದು ಅಷ್ಟನ್ನೇ. ಕಣ್ಣಿಗೆ ಬಿದ್ದದ್ದನ್ನು ಹೇಳಿದೆ. ಅಮ್ಮ ಗೋಡೆ ಹಿಡಿದುಕೊಂಡು ಕೆಳಗೆ ಕೂತಳು, "ನಾರಾಯಣ ಅಂದ್ರಾ" ಎಂದಳು, ಅಳತೊಡಗಿದಳು. ದುಃಖ ಇತ್ತು, ಅದರೊಳಗೆ ಇನ್ನೊಂದೂ ಇತ್ತು. ಹೊರೆ ಇಳಿಸಿದವರು ಹಾಗೆ ಉಸಿರು ಬಿಡುತ್ತಾರೆ. ಸುಳ್ಳು ಇಷ್ಟು ಕೆಲಸ ಮಾಡುವುದಾದರೆ ಮಾಡಲಿ ಎಂದುಕೊಂಡೆ.

ಸಂಜೆ ಐದಕ್ಕೆ ಶೃಂಗೇರಿಯಿಂದ ಯಜ್ಞೇಶ ಬಂದ. ಅವನ ಹಿಂದೆಯೇ ಕೊಪ್ಪದ ಪುರೋಹಿತರು ಹರಿಹರ ಭಟ್ಟರು ಬಂದರು. ಒಳ್ಳೆಯ ಮನುಷ್ಯ. ಅಪ್ಪನ ಕೈಯಲ್ಲಿ ನಲವತ್ತು ವರ್ಷ ಚೇಷ್ಟೆ ಮಾಡಿಸಿಕೊಂಡೂ ಪ್ರತಿ ಶ್ರಾದ್ಧಕ್ಕೆ ತಪ್ಪದೆ ಬಂದವರು. ಜಗುಲಿಯಲ್ಲಿ ಕೂತು ಚೀಲದಿಂದ ಪಂಚಾಂಗ ತೆಗೆದು, ಕನ್ನಡಕ ಏರಿಸಿ, ಬಹಳ ಹೊತ್ತು ನೋಡಿದರು.

"ಹೋಗಿದ್ದು ಎಷ್ಟೊತ್ತಿಗೆ ಅಂದ್ಯೆ ಅರ್ಪಣಾ?"

"ಮೂರು ಇಪ್ಪತ್ತು."

"ಗಡಿಯಾರ ನೋಡೇ ಹೇಳಿದ್ದಾ?"

"ಹೌದು."

ಅವರು ಪುಸ್ತಕ ಮಡಚಲಿಲ್ಲ. ಬೆರಳು ಸಾಲಿನ ಮೇಲೇ ಇತ್ತು.

"ಇವತ್ತು ಒಂದು ಐವತ್ತೆರಡರ ತನಕ ಶ್ರವಣ ಇತ್ತು. ಶ್ರವಣ ಅಂದ್ರೆ ವಿಷ್ಣುವಿನ ನಕ್ಷತ್ರ, ಯಾವ ದೋಷವೂ ಇಲ್ಲ. ಅಲ್ಲಿಂದ ಮುಂದೆ ಧನಿಷ್ಠೆ ಹಿಡೀತು." ನನ್ನ ಕಡೆ ನೋಡಿದರು. "ಗಾಬರಿಯಲ್ಲಿ ಟೈಮು ಹಿಂದೆ ಮುಂದೆ ಆಗುತ್ತೆ ಮಾರಾಯ್ತಿ. ತಪ್ಪಲ್ಲ. ಸ್ವಲ್ಪ ನೆನಪು ಮಾಡ್ಕಂಡು ಹೇಳು."

ಬಾಗಿಲು ತೆರೆದಿಟ್ಟು ಒಳಗೆ ಬಾ ಎಂದಷ್ಟು ಸುಲಭವಿತ್ತು. ಒಂದು ಗಂಟೆ ಎಂದರೆ ಸಾಕು. ಅದೇ ನಿಜವೂ ಆಗಿತ್ತು. ಆದರೆ ಅಮ್ಮ ಒಳಬಾಗಿಲ ಚೌಕಟ್ಟಿಗೆ ಒರಗಿ ಕೂತು ನನ್ನನ್ನೇ ನೋಡುತ್ತಿದ್ದಳು. ಒಂದು ಗಂಟೆಗೆ ಹೋದರು ಎಂದರೆ, ಎರಡು ಗಂಟೆ ಏಕೆ ಕರೆಯಲಿಲ್ಲ ಎಂಬ ಪ್ರಶ್ನೆ ಏಳುತ್ತದೆ. ನಿದ್ದೆ ಹೋಗಿದ್ದೆ ಎನ್ನಬೇಕಾಗುತ್ತದೆ. ನಿದ್ದೆ ಹೋದವಳ ಕೈಯಿಂದ ತುಳಸಿ ನೀರು ಕುಡಿದವರು ಯಾರು, ನಾರಾಯಣ ಎಂದದ್ದನ್ನು ಕೇಳಿದವರು ಯಾರು?

"ಮೂರು ಇಪ್ಪತ್ತೇ" ಎಂದೆ.

ಭಟ್ಟರು ಪುಸ್ತಕ ಮಡಚಿದರು.

ದಹನ ಮುಗಿಸಿ ಬಂದ ಮೇಲೆ ಯಜ್ಞೇಶ ಸ್ನಾನ ಮಾಡಿ ಹಿತ್ತಿಲ ಕಟ್ಟೆಯ ಮೇಲೆ ಕೂತ. ಅವನ ಮಗಳು ಶ್ರೀರಕ್ಷಾಗೆ ಒಂಬತ್ತು ವರ್ಷ. ಹೋದ ವರ್ಷ ಹೃದಯದ ಆಪರೇಷನ್ ಆಗಿದೆ. ಪಂಚಕ ಎಂಬ ಮಾತು ಕೇಳಿದ್ದೇ ಅವನ ಮನಸ್ಸಿಗೆ ಬಂದದ್ದು ಅವಳು.

"ಮನೆ ಬಿಡ್ಲೇಬೇಕು ಅಕ್ಕ. ಇನ್ನು ನಾಲ್ಕು ಅಂದ್ರೆ ಯಾರ್ಯಾರು ಅಂತ ಲೆಕ್ಕ ಹಾಕು. ಅಮ್ಮ, ನೀನು, ನಾನು..." ನಾಲ್ಕನೆಯ ಬೆರಳು ಮಡಚದೆ ಕೈ ಕೆಳಗಿಟ್ಟ.

"ಅಪ್ಪ ಇದ್ದಿದ್ರೆ ನಗಾಡ್ತಿದ್ರು" ಎಂದೆ.

"ಅಪ್ಪ ಪ್ರಸಾದ ದಿಂಬಿನಡಿ ಇಡಿಸ್ಕಂಡಿದ್ರು."

ತಲೆ ಒರೆಸಿಕೊಳ್ಳಲು ಟವೆಲ್ಲು ಕೊಟ್ಟು ಒಳಗೆ ಬಂದೆ.

ಅಮ್ಮನ ಸಂಗತಿ ಬೇರೆ. ಅವಳಿಗೆ ಎಪ್ಪತ್ತಮೂರು. ಹೃದಯ ದೊಡ್ಡದಾಗಿದೆ, ಸಂಜೆಗೆ ಪಾದ ಊದುತ್ತದೆ. ಅವಳ ರಿಪೋರ್ಟುಗಳನ್ನೂ ಬರೆಯುವವಳು ನಾನೇ. ಡಾಕ್ಟರು ವರ್ಷದ ಲೆಕ್ಕದಲ್ಲಿ ಮಾತಾಡುವುದನ್ನು ಯಾವಾಗಲೋ ಬಿಟ್ಟಿದ್ದಾರೆ. ಅವಳಿಗೆ ಸಾಯುವುದಕ್ಕೆ ಅಷ್ಟು ಹೆದರಿಕೆಯಿಲ್ಲ. ಬೇರೆಯವರ ಮನೆಯಲ್ಲಿ ಸಾಯುವುದಕ್ಕೆ ಇದೆ. ಅವಳ ಚಿಕ್ಕಮ್ಮನೊಬ್ಬಳು ಬಾಡಿಗೆ ಮನೆಯಲ್ಲಿ ತೀರಿಕೊಂಡಾಗ ಮಾಲೀಕರು ಹೆಣವನ್ನು ಜಗುಲಿಯ ಮೇಲೆ ಮಲಗಿಸಲೂ ಬಿಡದೆ ಬೀದಿಯಲ್ಲೇ ಇಡಿಸಿದ್ದರು. ಅದನ್ನು ಅವಳು ನೂರು ಸಲ ಹೇಳಿದ್ದಾಳೆ. ಪ್ರತಿ ಸಲವೂ ಕೊನೆಗೆ ಬರುವ ಮಾತು ಒಂದೇ. "ನಂದು ಈ ಮನೆ, ಈ ಮಂಚ. ಇಲ್ಲಿಂದಲೇ ಎತ್ತಬೇಕು."

ಅಂಥವಳು ಆರು ತಿಂಗಳು ಹೊರಗಿರಬೇಕು. ಆರು ತಿಂಗಳು ಆದ ಮೇಲೆ ಮುಳ್ಳು ಬಿಚ್ಚಲು ಅವಳು ಇರುತ್ತಾಳೋ ಇಲ್ಲವೋ ಎಂಬುದು ಮನೆಯಲ್ಲಿ ಎಲ್ಲರ ಮನಸ್ಸಿನಲ್ಲಿತ್ತು. ಬಾಯಲ್ಲಿ ಯಾರೂ ತೆಗೆಯಲಿಲ್ಲ.

ಯಜ್ಞೇಶನ ಮನೆಗೆ ಹೋಗಬಹುದಿತ್ತು. ಎಂಟನೆಯ ದಿನ ಅವನೇ ಅಮ್ಮನ ಎದುರು ಕೂತು ಕಾಲ ಬೆರಳು ನೋಡುತ್ತ ಹೇಳಿದ.

"ಅಮ್ಮ, ಕರ್ಕಂಡು ಹೋಗಬಾರ್ದು ಅಂತಲ್ಲ. ದೋಷ ಮೈಗೆ ಅಂಟ್ಕಂಡು ಬತ್ತೆ ಅಂತಾರೆ. ಆರು ತಿಂಗಳು ಕಳೀಲಿ. ಮಗು ಇದೆ ನೋಡು ಮನೇಲಿ."

ಬೇರೆ ದಿನಗಳಲ್ಲಾದರೆ ಅವನ ಕೆನ್ನೆಗೆ ಹೊಡೆಯುತ್ತಿದ್ದೆ. ಅವತ್ತು ಸುಮ್ಮನೆ ಕೇಳಿಸಿಕೊಂಡೆ. ಮಗು ಆಪರೇಷನ್ ಥಿಯೇಟರಿನೊಳಗೆ ಇದ್ದ ಐದು ಗಂಟೆ ಅವನು ಆಸ್ಪತ್ರೆಯ ಮೆಟ್ಟಿಲ ಮೇಲೆ ಎಷ್ಟು ದೇವರಿಗೆ ಹರಕೆ ಹೊತ್ತನೆಂದು ನಾನು ಕಂಡಿದ್ದೇನೆ. ಕೆಲವು ದೇವರ ಹೆಸರು ಅವನಿಗೇ ಸರಿಯಾಗಿ ಗೊತ್ತಿರಲಿಲ್ಲ. ಮಗು ಉಳಿಯಿತು. ಯಾವ ದೇವರಿಂದ ಉಳಿಯಿತೆಂದು ತಿಳಿಯದ್ದರಿಂದ ಈಗ ಎಲ್ಲಕ್ಕೂ ಹೆದರುತ್ತಾನೆ.

"ಆಯ್ತಪ್ಪ, ನೀ ಹೇಳದೂ ಸರಿ" ಎಂದಳು ಅಮ್ಮ.

ಬಾಡಿಗೆಗೆ ಮನೆ ಸಿಗುವುದೂ ಕಷ್ಟವಾಯಿತು. ನಕ್ಷತ್ರದ ಮನೆಯಿಂದ ಬರುವವರು ಎಂದರೆ ಜನ ಹಿಂದೆ ಮುಂದೆ ನೋಡುತ್ತಾರೆ. ಕೊನೆಗೆ ಎರಡು ಬೀದಿ ಆಚೆ ಇರುವ ಪ್ರೇಮಕ್ಕ ತನ್ನ ಮನೆಯ ಹಿಂದಿನ ಎರಡು ಕೋಣೆ ಕೊಡಲು ಒಪ್ಪಿದಳು. ಒಪ್ಪಿದವಳು ನನ್ನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಕೇಳಿದಳು. "ಅಮ್ಮನ ಆರೋಗ್ಯ ಹೆಂಗಿದೆ? ಅಲ್ಲ, ಸುಮ್ನೆ ಕೇಳ್ದೆ."

"ಗಟ್ಟಿ ಇದಾರೆ" ಎಂದೆ. ಹತ್ತು ದಿನದಲ್ಲಿ ಎರಡನೆಯ ಸುಳ್ಳು. ಸಲೀಸಾಗಿ ಬಂತು.

ಹನ್ನೆರಡನೆಯ ದಿನ ಮಧ್ಯಾಹ್ನ ಅಮ್ಮ ಅಪ್ಪನ ಕೋಣೆಯಲ್ಲಿ ಬಟ್ಟೆ ಗಂಟು ಕಟ್ಟುತ್ತಿದ್ದಳು. ಮರುದಿನ ವೈಕುಂಠ ಸಮಾರಾಧನೆ. ಊಟ ಮುಗಿದು ನೆಂಟರು ಎದ್ದ ಮೇಲೆ, ಸಂಜೆ ದೀಪ ಹಚ್ಚುವ ಮೊದಲು ಬಾಗಿಲು ಹಾಕಬೇಕೆಂದು ಭಟ್ಟರು ಹೇಳಿದ್ದರು. ಅಮ್ಮ ನಾಲ್ಕು ಸೀರೆ ಮಡಚುವಷ್ಟರಲ್ಲಿ ಎರಡು ಸಲ ಕೂತಳು. ಮಂಚದ ಅಂಚಿನ ಮೇಲೆ ಕೈಯಾಡಿಸಿದಳು. ಆ ಮಂಚವನ್ನು ಅಪ್ಪ ಕೆಲಸದಲ್ಲಿದ್ದಾಗ ಕೊಪ್ಪದ ಹತ್ತಿರದ ನಾರ್ವೆ ಊರಿನ ಆಚಾರಿಯೊಬ್ಬರಿಂದ ಮಾಡಿಸಿದ್ದು.

"ಇದೊಂದು ತಗಂಡು ಹೋಗಕ್ಕೆ ಆಗದಿಲ್ಲ ಅಲ್ವನೆ?" ಎಂದಳು.

"ಇಲ್ಲಮ್ಮ. ಅದರ ಮೇಲೇ ಹೋಗಿದ್ದಲ್ವಾ."

"ಹೌದು ಹೌದು."

ಅವಳು ಮತ್ತೆ ಮಡಚತೊಡಗಿದಳು. ಆಗ ನನಗೆ ಸಾಕೆನಿಸಿತು. ಪುಣ್ಯವಂತೆಯಾಗಬೇಕೆಂದಲ್ಲ. ನನ್ನದೊಂದು ಮಾತಿನಿಂದ ಈ ಮುದುಕಿ ತನ್ನ ಮಂಚ ಬಿಟ್ಟು ಪ್ರೇಮಕ್ಕನ ಹಿತ್ತಿಲಿಗೆ ಹೋಗುತ್ತಿದ್ದಾಳೆ. ಇನ್ನೊಂದು ಮಾತಿನಿಂದ ನಿಲ್ಲಿಸಬಹುದು. ತುಳಸಿ ನೀರು ಹೋದರೆ ಹೋಗಲಿ, ಶ್ರವಣ ನಕ್ಷತ್ರ ಸಿಗುತ್ತದೆ. ವಿಷ್ಣುವಿನದೇ ಅಂತೆ. ಒಂದು ಕೊಟ್ಟು ಒಂದು ತೆಗೆದುಕೊಂಡರೆ ಅವಳಿಗೇನೂ ನಷ್ಟವಿಲ್ಲ ಎಂದು ನನ್ನ ಲೆಕ್ಕ.

ಬಾಗಿಲು ಮುಂದೆ ಮಾಡಿ ಬಂದು ಅವಳೆದುರು ನೆಲದ ಮೇಲೆ ಕೂತೆ.

"ಅಮ್ಮ, ಒಂದು ಹೇಳದಿದೆ. ಮೂರು ಇಪ್ಪತ್ತಲ್ಲ ಅದು."

ಅವಳ ಕೈ ನಿಂತಿತು.

"ನಾನು ನಿದ್ದೆ..."

"ಮಲಗಿದ್ದೆ" ಎಂದಳು ಅಮ್ಮ. "ಕುತ್ಗೆ ಓರೆ ಮಾಡ್ಕಂಡು, ಬಾಯಿ ಬಿಟ್ಕಂಡು ಮಲಗಿದ್ದೆ. ಗೊತ್ತು."

ನಾನು ಅವಳ ಮುಖ ನೋಡಿದೆ. ಅವಳು ಕಿಟಕಿ ನೋಡುತ್ತಿದ್ದಳು.

"ಒಂದೂ ಹತ್ತಕ್ಕೆ ಗಂಜಿ ತಂದಿದ್ದೆ ನಾನು. ಬಾಗಿಲಲ್ಲೇ ಗೊತ್ತಾಯ್ತು. ಐವತ್ತು ವರ್ಷ ಪಕ್ಕದಲ್ಲಿ ಮಲಗಿದೀನಿ ಕೂಸೆ, ಅವರ ಉಸಿರು ಇಲ್ಲದ ಕೋಣೆ ಹೆಂಗಿರುತ್ತೆ ಅಂತ ಗೊತ್ತಾಗದಿಲ್ವಾ? ಗಂಜಿ ಹಿಡ್ಕಂಡು ನಿಂತೆ. ನಿನ್ನ ಎಬ್ಬಿಸ್ಬೇಕು ಅಂತ ಬಾಯಿಗೆ ಬಂತು. ಎಬ್ಬಿಸ್ಲಿಲ್ಲ. ನೀ ಎದ್ರೆ ಅದು ನಿಜ ಆಗಿಬಿಡ್ತಿತ್ತು. ವಾಪಸ್ಸು ಹೋಗಿ ಗಂಜಿ ಬಿಸಿ ಮಾಡಿದೆ. ಆಮೇಲೆ ಇನ್ನೊಂದ್ಸಲ ಬಿಸಿ ಮಾಡಿದೆ."

ತಳ ಹಿಡಿದ ಗಂಜಿ. ತಿರುಗದೆ ಪಾತ್ರೆ ತಿಕ್ಕುತ್ತಿದ್ದ ಬೆನ್ನು. ಎರಡು ಗಂಟೆ ಅವಳು ಅಲ್ಲಿ ಇದ್ದ ಪಾತ್ರೆಗಳನ್ನೇ ತೊಳೆದಿದ್ದಾಳೆ.

"ಮತ್ತೆ ನೀರು ಬಿಟ್ಯಾ ಅಂತ ಯಾಕೆ ಕೇಳಿದ್ದು?" ಎಂದೆ. ನನ್ನ ದನಿ ನನಗೇ ದೂರದಿಂದ ಕೇಳಿಸಿತು.

ಅಮ್ಮ ಸೀರೆಯ ಅಂಚನ್ನು ಬೆರಳಿಗೆ ಸುತ್ತಿದಳು.

"ನಾನು ಬಿಟ್ಟಿರ್ಲಿಲ್ಲ ಅದಕ್ಕೆ. ನಾಲ್ಕು ದಿನ ತುಳಸಿ ಹಾಕಿಟ್ಟೆ, ಒಂದ್ಸಲನೂ ಕೊಡಲಿಲ್ಲ. ಅವತ್ತು ಬೆಳಿಗ್ಗೆ ನೀರು ಕೇಳಿದ್ರು. ಗಿಂಡಿ ಕಣ್ಣೆದುರೇ ಇತ್ತು. ಅದ್ರಲ್ಲಿ ಕೊಟ್ರೆ, ಹೋಗಿ ಅಂತ ನಾನೇ ಹೇಳಿದ ಹಂಗೆ ಆಗುತ್ತೆ ಅನ್ನಿಸ್ತು. ಒಳಗಿಂದ ಬೇರೆ ನೀರು ತಂದು ಕೊಟ್ಟೆ. ನಾಳೆ ಕೊಟ್ರಾಯ್ತು ಅಂದ್ಕಂಡೆ." ಬೆರಳಿನ ಸುತ್ತು ಬಿಚ್ಚಿದಳು. "ಅವರು ಜನ್ಮದಲ್ಲಿ ದೇವರ ಹೆಸರು ಹೇಳ್ದೋರಲ್ಲ. ನಾನಾದ್ರೂ ಅದೊಂದು ಮಾಡ್ಬೇಕಿತ್ತು. ಅದನ್ನೂ ಮಾಡ್ಲಿಲ್ಲ. ಎರಡು ಗಂಟೆ ಅಡುಗೆಮನೇಲಿ ಅದನ್ನೇ ನೆನಸ್ತಾ ನಿಂತಿದ್ದೆ. ಆಮೇಲೆ ನೀ ಬಂದೆ."

"ನಾನು ಹೇಳಿದ್ದು ಸುಳ್ಳಮ್ಮ."

"ಸುಳ್ಳು ಅಂತ ಗೊತ್ತು."

"ಕುಡೀಲಿಲ್ಲ. ದಿಂಬು ಒದ್ದೆ ಆಯ್ತು ಅಷ್ಟೇ."

"ದಿಂಬು ಮುಟ್ಟಿ ನೋಡ್ದೆ ನಾನು. ತುಟಿಗಾದ್ರೂ ತಾಗಿದ್ಯಲ."

"ಅಮ್ಮ, ಈಗ ಭಟ್ರಿಗೆ ಒಂದು ಫೋನು ಮಾಡಿದ್ರೆ ಸಾಕು. ಒಂದು ಗಂಟೆ ಅಂದ್ರೆ ಶ್ರವಣ. ಮನೆ ಬಿಡದು ಬೇಡ. ಯಜ್ಞೇಶನ ಹೆದ್ರಿಕೆನೂ ಹೋಗುತ್ತೆ. ನಾನೇ ಹೇಳ್ತೀನಿ, ನಿದ್ದೆ ಹೋಗಿದ್ದೆ ಅಂತ. ಬೈದ್ರೆ ನನ್ನ ಬೈಲಿ."

ಅವಳು ಮೊದಲ ಸಲ ನನ್ನನ್ನು ನೇರವಾಗಿ ನೋಡಿದಳು. ಬೇಡುವ ನೋಟವಲ್ಲ ಅದು. ಚಿಕ್ಕವಳಿದ್ದಾಗ ಬಾವಿಕಟ್ಟೆ ಹತ್ತಿದರೆ ಹೀಗೆ ನೋಡುತ್ತಿದ್ದಳು.

"ಬಾಯಿ ಮುಚ್ಚು" ಎಂದಳು. "ಮನೆ ಆರು ತಿಂಗಳಾದ್ಮೇಲೆ ಸಿಕ್ಕುತ್ತೆ. ಸಿಕ್ಕದಿದ್ರೂ ಬೇಡ. ಆ ನೀರು ಇನ್ನೊಂದ್ಸಲ ಸಿಕ್ಕದಿಲ್ಲ. ಹನ್ನೆರಡು ದಿನ ಎಲ್ಲರ ಹತ್ರನೂ ಹೇಳಿದೀನಿ, ಮಗಳ ಕೈಯಿಂದ ಕುಡಿದು ನಾರಾಯಣ ಅಂತ ಹೋದ್ರು ಅಂತ. ಹೇಳಿ ಹೇಳಿ ಈಗ ನನ್ನ ಕಣ್ಣಿಗೆ ಕಾಣುತ್ತೆ ಅದು. ಅವರು ತಲೆ ಎತ್ತಿದ್ದು, ನೀ ಉದ್ಧರಣೆ ಹಿಡಿದಿದ್ದು. ಅದನ್ನ ತೆಗೀಬೇಡ ಕೂಸೆ."

"ಮಂಚ?"

"ಮಂಚಕ್ಕೆ ಬೆಂಕಿ ಹಾಕು."

ಅಷ್ಟು ಹೇಳಿ ಅತ್ತಳು. ನಾನು ಅವಳ ಪಾದದ ಮೇಲೆ ಕೈಯಿಟ್ಟು ಕೂತೆ. ಬಾವು ಇತ್ತು, ಬೆರಳು ಒತ್ತಿದ ಕಡೆ ಗುಳಿ ಹಾಗೇ ನಿಂತಿತು. ಅಪ್ಪ ಕೊನೆಗೆ ಹೇಳಿದ್ದು ಏನು ಎಂದು ಅವಳು ಕೇಳಲಿಲ್ಲ. ಫ್ಯಾನಿನ ಮಾತು ನನ್ನಲ್ಲೇ ಉಳಿಯಿತು.

ಮರುದಿನ ಸಂಜೆ ಬೀಗ ಹಾಕಿದೆವು. ಅಮ್ಮ ದೇವರ ಗೂಡಿನಿಂದ ಸಾಲಿಗ್ರಾಮದ ಪೆಟ್ಟಿಗೆಯನ್ನು, ತಾಮ್ರದ ಗಿಂಡಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಮೊದಲು ಇಳಿದಳು. ಯಜ್ಞೇಶ ಬಿದಿರು ಮುಳ್ಳು ತಂದು ಬಾಗಿಲಿಗೆ ಅಡ್ಡ ಕಟ್ಟಿದ. ಕಟ್ಟುವಾಗ ಬೆರಳಿಗೆ ಮುಳ್ಳು ಹೊಕ್ಕು ರಕ್ತ ಬಂತು. ಅದಕ್ಕೂ ಹೆದರಿ ಭಟ್ಟರ ಮುಖ ನೋಡಿದ. "ಎಂತ ಆಗದಿಲ್ಲ ಮಾರಾಯ, ಮುಳ್ಳು ಅಂದ್ಮೇಲೆ ಚುಚ್ಚುತ್ತೆ" ಎಂದರು ಅವರು. ಹಿಂದಿರುಗಿ ನೋಡಬಾರದೆಂದು ನಿಯಮ. ಅಮ್ಮ ನೋಡಲಿಲ್ಲ. ನಾನು ನೋಡಿದೆ. ಅಪ್ಪ ಕೆಲಸದ ಮೇಲೆ ಕಂಡು ನಗುತ್ತಿದ್ದ ಮನೆಗಳ ಹಾಗೇ ಇತ್ತು ನಮ್ಮದೂ.

ಈಗ ಎರಡು ತಿಂಗಳಾಗಿದೆ. ನಾನು ಮತ್ತೆ ಲ್ಯಾಬಿಗೆ ಹೋಗುತ್ತಿದ್ದೇನೆ. ಸಂಜೆ ಬಂದರೆ ಪ್ರೇಮಕ್ಕನ ಹಿತ್ತಿಲ ಕೋಣೆಯಲ್ಲಿ ಯಾರಾದರೂ ಇಬ್ಬರು ಹೆಂಗಸರು ಅಮ್ಮನೆದುರು ಕೂತಿರುತ್ತಾರೆ. ನಾನು ಚಪ್ಪಲಿ ಬಿಡುವುದೇ ತಡ, "ಹೇಳೆ ಇವರಿಗೆ, ಅಪ್ಪ ಹೆಂಗೆ ಹೋದ್ರು ಅಂತ" ಎನ್ನುತ್ತಾಳೆ. ಹೇಳುತ್ತೇನೆ. ಈಗ ಕತೆ ಮೊದಲಿನಷ್ಟು ಸಣ್ಣದಿಲ್ಲ. ಅಪ್ಪ ಮೊದಲು ತುಳಸಿಯನ್ನು ನೋಡುತ್ತಾರೆ. ಎರಡು ಉದ್ಧರಣೆ ಕುಡಿದು ಮೂರನೆಯದಕ್ಕೆ ಸಾಕು ಎಂದು ಕೈ ಮಾಡುತ್ತಾರೆ. ಕೈ ಮಾಡುವುದನ್ನು ಯಾವಾಗ ಸೇರಿಸಿದೆನೋ ನನಗೇ ನೆನಪಿಲ್ಲ. ಹೆಂಗಸರು ಕಣ್ಣೊರೆಸಿಕೊಳ್ಳುತ್ತಾರೆ. ಒಬ್ಬಳು ಮೊನ್ನೆ ನನ್ನ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡಳು, ಅಂಥ ಸಾವು ಕಂಡ ಕೈ ಎಂದು. ಬೆಳಿಗ್ಗೆಯಿಂದ ಮೂವತ್ತು ಜನರ ರಕ್ತ ತೆಗೆದ ಕೈ ಅದು. ಸುಮ್ಮನೆ ಕೊಟ್ಟೆ.

ಮೊನ್ನೆ ಸೋಮವಾರ ಬಂದಾಗ ಯಾರೂ ಇರಲಿಲ್ಲ. ಅಮ್ಮ ಗೋಡೆಗೆ ದಿಂಬು ಕೊಟ್ಟು ಒರಗಿದ್ದಳು. ಈಗ ಮಲಗಿದರೆ ಅವಳಿಗೆ ಉಸಿರು ಕಟ್ಟುತ್ತದೆ. ಸ್ಟೂಲಿನ ಮೇಲೆ ತಾಮ್ರದ ಗಿಂಡಿ, ಅದರಲ್ಲಿ ಹೊಸ ತುಳಸಿ ಕುಡಿ. ಅವಳೇ ಇಟ್ಟುಕೊಂಡದ್ದು.

"ಇದೆಂತಕ್ಕೆ ಈಗ?" ಎಂದೆ.

"ಇರಲಿ. ನೀ ನಂಗೆ ಕೊಡು, ಹೆದ್ರಬೇಡ. ನಾ ಅವರಿಗೆ ಹೆದರಿದ ಹಂಗೆ ನೀ ಹೆದರಬೇಡ." ಉಸಿರು ತೆಗೆದುಕೊಂಡಳು. "ಮೂರು ರಾತ್ರಿ ಎದ್ದಿರಕ್ಕೆ ಹೋಗಬೇಡ ಮತ್ತೆ. ನಿದ್ದೆ ಬಂದ್ರೆ ಮಲಗು. ಆ ಹೊತ್ತಿಗೆ ನೀ ನಿದ್ದೆ ಹೋಗಿದ್ರೂ ಪರ್ವಾಗಿಲ್ಲ, ನೀರು ಒಳಗೆ ಇಳೀದಿದ್ರೂ ಪರ್ವಾಗಿಲ್ಲ. ಕುಡಿದ್ರು, ನಾರಾಯಣ ಅಂದ್ರು ಅಂತ ಯಜ್ಞೇಶಂಗೆ ನೀ ಹೇಳ್ಬೇಕು."

"ಹೇಳ್ತೀನಿ."

"ಟೈಮು ಮಾತ್ರ..." ಅಮ್ಮ ನನ್ನ ಮೊಣಕೈ ಹಿಡಿದುಕೊಂಡಳು. "ಈ ಸಲ ಪಂಚಾಂಗ ನೋಡ್ಕಂಡು ಹೇಳು ಮಾರಾಯ್ತಿ. ಪ್ರೇಮಕ್ಕ ಪಾಪ, ಈ ಮನೆ ಬಿಟ್ರೆ ಎಲ್ಲಿಗೆ ಹೋಗ್ತಾಳೆ?"

ನಾನು ಹೂಂ ಎಂದೆ. ಈಗ ನನ್ನ ಫೋನಿನಲ್ಲಿ ಪಂಚಾಂಗ ಇದೆ. ಬೆಳಿಗ್ಗೆ ಕಣ್ಣು ಬಿಟ್ಟರೆ ಮೊದಲು ಅಮ್ಮನ ಎದೆ ಏರಿಳಿಯುವುದನ್ನು ನೋಡುತ್ತೇನೆ, ಆಮೇಲೆ ಅದನ್ನು ನೋಡುತ್ತೇನೆ. ಇವತ್ತು ಹಸ್ತ, ದೋಷವಿಲ್ಲ. ಶ್ರವಣ ಬರಲು ಇನ್ನು ಒಂಬತ್ತು ದಿನ ಇದೆ, ಅದರ ಮರುದಿನ ಧನಿಷ್ಠೆ.